ಎಂಜಿನ್ ತೊಳೆದ ಮೇಲೆ ಗಾಡಿ ನಡುಗುತ್ತಿದೆ, ಎಂಜಿನ್ ಲೈಟ್ ಮಿಣುಕುತ್ತಿದೆ. ಏನು ಮಾಡಲಿ?

ತೋಟದಮನೆ (ತೀರ್ಥಹಳ್ಳಿ), ಭಾನುವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ನನ್ನದು 2016ರ 1.2 ಲೀಟರ್ ಪೆಟ್ರೋಲ್ ಗಾಡಿ. 84 ಸಾವಿರ ಕಿಲೋಮೀಟರ್ ಓಡಿದೆ. ನಮ್ಮ ಮನೆಗೆ ಬರುವ ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ದಾರಿ. ಎಂಜಿನ್ ಮೇಲೆ ಕೆಂಪು ಧೂಳು ಕೂತು, ಅದಕ್ಕೆ ಆಯಿಲ್ ಜಿನುಗಿ, ಕೆಸರಿನ ಹಾಗೆ ಅಂಟಿಕೊಂಡಿತ್ತು. ಆಯಿಲ್ ಎಲ್ಲಿಂದ ಬರುತ್ತಿದೆ ಅನ್ನುವುದೇ ಕಾಣುತ್ತಿರಲಿಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ಮನೆಯ ಪ್ರೆಶರ್ ವಾಷರ್‌ನಲ್ಲಿ ತೊಳೆದೆ. ಬ್ಯಾಟರಿಗೆ ಪ್ಲಾಸ್ಟಿಕ್ ಸುತ್ತಿದ್ದೆ. ಬೇರೇನೂ ಮುಚ್ಚಿರಲಿಲ್ಲ.

ಬಾನೆಟ್ ತೆಗೆದು ಒಂದು ಗಂಟೆ ಬಿಸಿಲಿಗೆ ಬಿಟ್ಟೆ. ಆಮೇಲೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಆದರೆ ಇಡೀ ಗಾಡಿ ನಡುಗುತ್ತಿದೆ. ಸೈಲೆನ್ಸರ್‌ನಿಂದ ಡಬ್ ಡಬ್ ಅಂತ ಸದ್ದು, ಪಿಕಪ್ ಇಲ್ಲ, ಎಂಜಿನ್ ಲೈಟ್ ಮಿಣುಕುತ್ತಿದೆ. ಎರಡು ನಿಮಿಷ ಓಡಿಸಿ ಆಫ್ ಮಾಡಿದೆ.

ಬುಧವಾರ ಅಮ್ಮನನ್ನು ಕಣ್ಣಿನ ಡಾಕ್ಟರ್ ಹತ್ತಿರ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಆಗುಂಬೆ ಘಾಟಿ ಇಳಿಯಬೇಕು. ಹೀಗೇ ಓಡಿಸುತ್ತಾ ಹೋದರೆ ಬಿಸಿಗೆ ಒಣಗಿ ಸರಿಹೋಗುತ್ತದಾ?

ರಸ್ತೆರಾಯ (ತುಮಕೂರು), ಭಾನುವಾರ ಸಂಜೆ 7:05

ಭಯ ಬೇಡ. ನನಗೂ ಒಮ್ಮೆ ಹೀಗೇ ಆಗಿತ್ತು. ಹೈವೇಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿದೆ, ತಾನಾಗಿಯೇ ಸರಿಹೋಯಿತು. ಎಂಜಿನ್ ಬಿಸಿಗೆ ನೀರು ಎಷ್ಟು ಹೊತ್ತು ನಿಲ್ಲುತ್ತದೆ?

ವೈರ್‌ಮ್ಯಾನ್ (ಹುಬ್ಬಳ್ಳಿ), ಭಾನುವಾರ ಸಂಜೆ 7:20

ದಯವಿಟ್ಟು ಓಡಿಸಬೇಡ್ರೀ. ನಾನು ಇಪ್ಪತ್ತೆರಡು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಪ್ರತಿ ಮಳೆಗಾಲದಲ್ಲೂ ಇದೇ ಕೇಸು ಅಂಗಡಿಗೆ ಬರುತ್ತದೆ.

ಎಂಜಿನ್ ಲೈಟ್ ಸುಮ್ನೆ ಹೊತ್ತಿಕೊಂಡು ನಿಂತಿರುವುದು ಬೇರೆ, ಮಿಣುಕುವುದು ಬೇರೆ. ನಿಂತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಮಿಣುಕುತ್ತಿದ್ದರೆ ಮಿಸ್ಸಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲ್ ಉರಿಯದೆ ಹೋಗುವುದು) ಜೋರಾಗಿದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಏಟು ಬೀಳುತ್ತಿದೆ ಅಂತ ಅರ್ಥ. ಕಿಡಿ ಬರದ ಸಿಲಿಂಡರ್‌ಗೂ ಇಂಜೆಕ್ಟರ್ ಪೆಟ್ರೋಲ್ ಹಾಕುತ್ತಲೇ ಇರುತ್ತದೆ. ಆ ಪೆಟ್ರೋಲ್ ಉರಿಯದೆ ಸೈಲೆನ್ಸರ್ ಕಡೆ ಹೋಗುತ್ತದೆ. ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ. ಜೇನುಗೂಡಿನಂಥ ಸೆರಾಮಿಕ್ ಇದೆಯಲ್ಲ, ಅದು ಕೆಂಪಗೆ ಕಾದು ಕರಗಿಯೇ ಹೋಗಬಹುದು. ಐದು ನಿಮಿಷ ಗಾಳಿ ಹಿಡಿದರೆ ಮುಗಿಯುವ ಕೆಲಸ. ಹಟ ಹಿಡಿದು ಓಡಿಸಿದರೆ ಸಾವಿರಾರು ರೂಪಾಯಿ ಖರ್ಚು.

ಮೇಲೆ ಬರೆದ ಅಣ್ಣನ ಗಾಡಿ ಸರಿಹೋಗಿರಬಹುದು. ಅವರಿಗೆ ಬಹುಶಃ ಯಾವುದೋ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ತುಂಡು) ಮೇಲೆ ನೀರು ನಿಂತಿತ್ತು. ಆದರೆ ನಿಮ್ಮ ಥರದ ಎಂಜಿನ್‌ನಲ್ಲಿ ಕಿಡಿ ಕೊಡುವ ಪ್ಲಗ್ ಕೂರುವುದು ಎಂಜಿನ್ ಮೇಲ್ಭಾಗದ ಹೆಡ್ ಮಧ್ಯದ ಆಳವಾದ ಕೊಳವೆಯಲ್ಲಿ. ಅದರ ಬಾಯಿಗೆ, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್‌ನ ರಬ್ಬರ್ ಬಿರಡೆಯ ಹಾಗೆ ಕೂತಿರುತ್ತದೆ. ಪ್ರೆಶರ್ ನೀರು ರಬ್ಬರ್ ಅಂಚನ್ನು ಎತ್ತಿ ಒಳಗೆ ಹೋಗುತ್ತದೆ. ಆಮೇಲೆ ಹೊರಗೆ ಬರಲು ದಾರಿ ಇಲ್ಲ. ಬಿಸಿಗೆ ಆವಿಯಾಗುತ್ತದೆ, ಅಲ್ಲೇ ಸುತ್ತುತ್ತದೆ, ತಣ್ಣಗಾದಾಗ ಮತ್ತೆ ನೀರಾಗಿ ಕೂರುತ್ತದೆ. ಕಿಡಿ ಪ್ಲಗ್ ತುದಿಯಲ್ಲಿ ಹಾರುವ ಬದಲು ನೀರಿನ ಮೇಲೆ ಹರಿದು ಹೆಡ್‌ಗೆ ಇಳಿದುಬಿಡುತ್ತದೆ. ಮಿಸ್ಸಿಂಗ್ ಬರುವುದು ಅದಕ್ಕೇ.

ತೋಟದಮನೆ, ಭಾನುವಾರ ಸಂಜೆ 7:41

ಅಣ್ಣ, ಬಹಳ ಉಪಕಾರ ಆಯಿತು. ನಾನೇ ಬಿಚ್ಚಬಹುದಾ? ಇಲ್ಲಿಂದ ಗ್ಯಾರೇಜ್ ಹನ್ನೆರಡು ಕಿಲೋಮೀಟರ್. ಹತ್ತರ ಸ್ಪ್ಯಾನರ್, ಸ್ಕ್ರೂ ಡ್ರೈವರ್, ಪ್ಲಗ್ ಸ್ಪ್ಯಾನರ್ ಇವೆ. ಕಂಪ್ರೆಸರ್ ಇಲ್ಲ.

ವೈರ್‌ಮ್ಯಾನ್ (ಹುಬ್ಬಳ್ಳಿ), ಭಾನುವಾರ ರಾತ್ರಿ 8:15

ಧಾರಾಳವಾಗಿ ಮಾಡಬಹುದು. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಕೀ ತೆಗೆದುಬಿಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಮೊದಲು ಬಿಚ್ಚಿ. ಎಲ್ಲ ಮುಗಿದ ಮೇಲೆ ಕೊನೆಗೆ ಹಾಕಬೇಕಾದದ್ದೂ ಅದನ್ನೇ.

ಎಂಜಿನ್ ಮೇಲೆ ಸಾಲಾಗಿ ನಾಲ್ಕು ಕಾಯಿಲ್ ಕಾಣುತ್ತವೆ. ಒಂದೊಂದಕ್ಕೂ ಒಂದು ಹತ್ತರ ಬೋಲ್ಟ್, ಒಂದು ಕಪ್ಲರ್. ಕಪ್ಲರ್‌ನ ನಾಲಿಗೆ ಒತ್ತಿ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ಹಳೆಯ ಪ್ಲಾಸ್ಟಿಕ್ ಮುರಿಯುತ್ತದೆ. ಕಾಯಿಲ್‌ಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಅಂತ ಮಾರ್ಕರ್‌ನಲ್ಲಿ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ. ಬೋಲ್ಟ್ ತೆಗೆದು ಕಾಯಿಲನ್ನು ಸ್ವಲ್ಪ ತಿರುಗಿಸುತ್ತಾ ನೇರ ಮೇಲಕ್ಕೆ ಎತ್ತಿ. ಟಾರ್ಚ್ ಬಿಟ್ಟು ಕೊಳವೆಯೊಳಗೆ ನೋಡಿ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಕೊಳವೆಯಲ್ಲಿ ನೀರು ಕಂಡರೆ ಪ್ಲಗ್ ಮುಟ್ಟಲೇಬೇಡಿ. ಮೊದಲು ನೀರು ತೆಗೆಯಿರಿ. ಪ್ಲಗ್ ಸಡಿಲ ಮಾಡಿದರೆ ಆ ನೀರು, ಅದರ ಜೊತೆ ಮಣ್ಣು, ಮರಳು ಎಲ್ಲ ನೇರ ಸಿಲಿಂಡರ್‌ಗೆ ಇಳಿಯುತ್ತದೆ. ಕಂಪ್ರೆಸರ್ ಇಲ್ಲದಿದ್ದರೆ ಮೆಡಿಕಲ್ ಶಾಪ್‌ನ ದೊಡ್ಡ ಸಿರಿಂಜ್ ತುದಿಗೆ ಸಣ್ಣ ಪೈಪ್ ಸಿಕ್ಕಿಸಿ ಹೀರಿ. ಉಳಿದದ್ದಕ್ಕೆ ಉದ್ದ ಸ್ಕ್ರೂ ಡ್ರೈವರ್ ತುದಿಗೆ ಹಳೆ ಬನಿಯನ್ ಬಟ್ಟೆ ಗಟ್ಟಿಯಾಗಿ ಸುತ್ತಿ ಒರೆಸಿ. ಬಟ್ಟೆ ಒಳಗೆ ಉಳಿಯದ ಹಾಗೆ ದಾರದಿಂದ ಕಟ್ಟಿ. ಪಂಕ್ಚರ್ ಅಂಗಡಿಯ ಗಾಳಿ ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಕಣ್ಣಿಗೆ ಕನ್ನಡಕ ಇರಲಿ, ಹೊಲಸು ನೀರು ಮುಖಕ್ಕೇ ಹಾರುತ್ತದೆ.

ಕಾಯಿಲ್‌ನ ಉದ್ದನೆಯ ರಬ್ಬರ್ ಕಾಲನ್ನು ಒಳಗೂ ಹೊರಗೂ ಒರೆಸಿ. ಹೇರ್ ಡ್ರೈಯರ್ ಇದ್ದರೆ ಹದವಾದ ಬಿಸಿಯಲ್ಲಿ ಹಿಡಿಯಿರಿ. ರಬ್ಬರ್ ಮೇಲೆ ಬೂದು ಗೆರೆ, ಸೀಳು ಇದೆಯಾ ನೋಡಿ. ಅಂಥ ಗೆರೆ ಇದ್ದರೆ ಕಿಡಿ ಅಲ್ಲೇ ಸೋರುತ್ತಿದೆ ಅಂತ ಲೆಕ್ಕ.

ಕೊಳವೆಯಲ್ಲಿ ನೀರಿನ ಬದಲು ಆಯಿಲ್ ಕಂಡರೆ ಅದು ಬೇರೆ ಕಥೆ. ಹೆಡ್ ಕವರ್ ಒಳಗಿನ ಪ್ಲಗ್ ಕೊಳವೆಯ ಸೀಲ್ ಹೋಗಿದೆ. ನೀವು ಹುಡುಕುತ್ತಿದ್ದ ಲೀಕ್ ಅದೇ ಇರಬಹುದು.

ಚಾಮುಂಡಿಪುರಂ (ಮೈಸೂರು), ಭಾನುವಾರ ರಾತ್ರಿ 9:02

ಇಲ್ಲಿ ನನ್ನದೂ ಒಂದು ಪ್ರಶ್ನೆ ಸೇರಿಸುತ್ತೇನೆ. ಹೋದ ತಿಂಗಳು ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ. ಬಾಡಿ ತೊಳೆಯಿರಿ ಅಂದಿದ್ದೆ, ಹುಡುಗ ಬಾನೆಟ್ ತೆಗೆದು ಎಂಜಿನ್‌ಗೂ ಹೊಡೆದಿದ್ದ. ಮಾರನೆಯ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಿರ್ ಅಂತ ಕಿವಿ ಕೊರೆಯುವ ಸದ್ದು. ಹತ್ತು ನಿಮಿಷಕ್ಕೆ ನಿಂತಿತು. ಎರಡು ವಾರ ಬಿಟ್ಟು ಬೇರೆ ಥರದ ಸದ್ದು ಶುರುವಾಗಿದೆ, ಗೊರಗೊರ ಅಂತ. ಎಕ್ಸಲೇಟರ್ ಒತ್ತಿದರೆ ಜಾಸ್ತಿ ಆಗುತ್ತದೆ. ನನ್ನದು ಡೀಸೆಲ್ ಗಾಡಿ. ಇದಕ್ಕೂ ನೀರಿಗೂ ಸಂಬಂಧ ಇದೆಯಾ?

ವೈರ್‌ಮ್ಯಾನ್ (ಹುಬ್ಬಳ್ಳಿ), ಭಾನುವಾರ ರಾತ್ರಿ 9:30

ಇದೆ ಮೇಡಂ. ಮೊದಲ ದಿನದ ಕಿರ್ ಸದ್ದು ಬೆಲ್ಟ್ ಒದ್ದೆಯಾಗಿ ಜಾರಿದ್ದು. ಅದರ ಬಗ್ಗೆ ಚಿಂತೆ ಬೇಡ. ಎರಡು ವಾರದ ಮೇಲಿನ ಗೊರಗೊರ ಆಲ್ಟರ್ನೇಟರ್ ಬೇರಿಂಗ್ ಇರಬೇಕು. ನಮ್ಮ ಹಳೆ ಮಿಸ್ತ್ರಿಗಳು ಡೈನಮೋ ಅನ್ನುವುದು ಇದನ್ನೇ. ಪ್ರೆಶರ್ ನೀರು ಬೇರಿಂಗ್ ಒಳಗಿನ ಗ್ರೀಸ್ ತೊಳೆದುಬಿಟ್ಟರೆ ಅದು ತಕ್ಷಣ ಕೂಗುವುದಿಲ್ಲ. ತುಕ್ಕು ಹಿಡಿದು ನಿಧಾನಕ್ಕೆ ಕೂಗುತ್ತದೆ. ಬೆಲ್ಟ್ ಬಿಚ್ಚಿ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿಸಿ. ಐಡ್ಲರ್, ಟೆನ್ಷನರ್ ಪುಲ್ಲಿಗಳನ್ನೂ ಹಾಗೇ ನೋಡಿಸಿ. ಬೇರಿಂಗ್ ಮಾತ್ರ ಬದಲಿಸಿದರೆ ಸಾಕು, ಆಲ್ಟರ್ನೇಟರ್ ಇಡಿಯಾಗಿ ಬದಲಿಸಬೇಕಾಗಿಲ್ಲ.

ಡೀಸೆಲ್‌ನಲ್ಲಿ ಕಿಡಿ ಇಲ್ಲ. ಹಾಗಾಗಿ ಪ್ಲಗ್ ಕೊಳವೆಯ ತಾಪತ್ರಯ ಇಲ್ಲ. ಆದರೆ ಇಂಜೆಕ್ಟರ್ ಕಪ್ಲರ್, ಸೆನ್ಸರ್, ಫ್ಯೂಸ್ ಬಾಕ್ಸ್ ಎಲ್ಲ ಅದಕ್ಕೂ ಇವೆ.

ಚಾಮುಂಡಿಪುರಂ, ಭಾನುವಾರ ರಾತ್ರಿ 9:38

ಧನ್ಯವಾದ ಅಣ್ಣ. ನಾಳೆಯೇ ತೋರಿಸುತ್ತೇನೆ.

ಕಡಲತಡಿ (ಮಸ್ಕತ್), ಭಾನುವಾರ ರಾತ್ರಿ 10:50

ನಮ್ಮೂರು ಕುಂದಾಪುರ, ಕೆಲಸ ಮಸ್ಕತ್‌ನಲ್ಲಿ. ಇಲ್ಲಿ ಹಿಟ್ಟಿನಂಥ ನುಣ್ಣನೆ ಮರಳು ಎಂಜಿನ್ ಮೇಲೆ ಕೂರುತ್ತದೆ ಮಾರಾಯ್ರೆ. ನಾನು ನೀರೇ ಹಾಕುವುದಿಲ್ಲ. ಮೃದುವಾದ ಬ್ರಷ್, ಬ್ಲೋವರ್ ಗಾಳಿ, ಕೊನೆಗೆ ಒದ್ದೆ ಬಟ್ಟೆ. ಎಂಟು ವರ್ಷದಿಂದ ಒಂದು ತೊಂದರೆ ಇಲ್ಲ. ಒಣ ಧೂಳು ಮಾತ್ರ ಇದ್ದರೆ ಇಷ್ಟೇ ಸಾಕು. ಊರಿನ ಗಾಡಿಗೆ ಇದು ನಡೆಯುವುದಿಲ್ಲ, ಅಲ್ಲಿ ಕೆಸರು ಅಂಟಿಕೊಳ್ಳುತ್ತದೆ.

ರಸ್ತೆರಾಯ (ತುಮಕೂರು), ಸೋಮವಾರ ಬೆಳಿಗ್ಗೆ 7:15

ನಾನು ಹೇಳಿದ್ದು ತಪ್ಪು ಅಂತ ಒಪ್ಪಿಕೊಳ್ಳುತ್ತೇನೆ. ಕನ್ವರ್ಟರ್ ವಿಷಯ ಗೊತ್ತಿರಲಿಲ್ಲ. ಒಂದು ಅನುಮಾನ. ಈಗಿನ ಗಾಡಿಗಳ ಕಪ್ಲರ್‌ಗಳೆಲ್ಲ ವಾಟರ್ ಪ್ರೂಫ್ ಅಲ್ವಾ? ಮಳೆಯಲ್ಲಿ ಓಡಿಸುತ್ತೇವೆ, ನೀರು ತುಂಬಿದ ರಸ್ತೆಯಲ್ಲಿ ಹೋಗುತ್ತೇವೆ, ಏನೂ ಆಗುವುದಿಲ್ಲ.

ಅಳತೆಗೋಲು (ಬೆಂಗಳೂರು), ಸೋಮವಾರ ಬೆಳಿಗ್ಗೆ 8:40

ನಾನು ಕನೆಕ್ಟರ್ ತಯಾರಿಸುವ ಕ್ಷೇತ್ರದಲ್ಲಿ ಕೆಲಸ ಮಾಡುವವನು, ಹಾಗಾಗಿ ಇದಕ್ಕೆ ಉತ್ತರ ಹೇಳಬಲ್ಲೆ. ಧೂಳು, ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಗುರುತು ಇರುತ್ತದೆ. ಐಪಿ67 ಅಂತ ಬರೆದಿದ್ದರೆ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಒಳಗೆ ತೊಂದರೆ ಆಗಬಾರದು ಅಂತ. ಒಂದು ಮೀಟರ್ ನೀರಿನ ಒತ್ತಡ ಎಷ್ಟು? ಹೆಚ್ಚುಕಡಿಮೆ 0.1 ಬಾರ್. ಮನೆಯ ಸಣ್ಣ ಪ್ರೆಶರ್ ವಾಷರ್ ಮೇಲೆ 100 ಬಾರ್ ಅಂತ ಬರೆದಿರುತ್ತದೆ. ಸಾವಿರ ಪಟ್ಟು! ಹತ್ತಿರದಿಂದ ಹಿಡಿದರೆ ಆ ಸೀಲ್ ತಡೆಯಬೇಕು ಅಂತ ಕೇಳುವುದೇ ತಪ್ಪು. ಪ್ರೆಶರ್ ನೀರಿಗೆ ಅಂತಲೇ ಐಪಿ69ಕೆ ಅನ್ನುವ ಬೇರೆ ಪರೀಕ್ಷೆ ಇದೆ, 80 ಡಿಗ್ರಿ ಬಿಸಿ ನೀರು, 80ರಿಂದ 100 ಬಾರ್. ಎಂಜಿನ್‌ನ ಎಲ್ಲ ಕಪ್ಲರ್‌ಗಳನ್ನೂ ಆ ಮಟ್ಟಕ್ಕೆ ಮಾಡಿರುವುದಿಲ್ಲ. ಎಂಟು ಹತ್ತು ವರ್ಷ ಬಿಸಿ ತಿಂದ ರಬ್ಬರ್ ಸೀಲ್ ಹೊಸದರಂತೆಯೂ ಇರುವುದಿಲ್ಲ.

ಸಿಲಿಂಡರ್‌ಗೆ ನೀರು ಹೋಗುವ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ನಾಲ್ಕು ಸಿಲಿಂಡರ್‌ನ 1197 ಸಿಸಿ ಎಂಜಿನ್‌ನಲ್ಲಿ ಒಂದು ಸಿಲಿಂಡರ್‌ಗೆ ಸುಮಾರು 299 ಸಿಸಿ. ಕಂಪ್ರೆಷನ್ 11ಕ್ಕೆ 1 ಇದ್ದರೆ, ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ 30 ಸಿಸಿ. ಅಂದರೆ ಎರಡು ದೊಡ್ಡ ಚಮಚ. ಅದಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಪಿಸ್ಟನ್ ಮೇಲೇರಲು ಜಾಗವೇ ಇಲ್ಲ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಿಗೆಲ್ಲ ನೀರು ನುಗ್ಗಿತ್ತು. ಮುಳುಗಿದ ಗಾಡಿಗಿಂತ, ನೀರು ಇಳಿದ ಮೇಲೆ ಆತುರಕ್ಕೆ ಸೆಲ್ಫ್ ಹೊಡೆದ ಗಾಡಿಯ ಎಂಜಿನ್‌ಗೆ ದೊಡ್ಡ ಪೆಟ್ಟು. ಆದ್ದರಿಂದ ತೊಳೆಯುವಾಗ ಏರ್ ಫಿಲ್ಟರ್‌ನ ಗಾಳಿ ಎಳೆಯುವ ಬಾಯಿ ಎಲ್ಲಿದೆ ಅಂತ ಮೊದಲು ಹುಡುಕಿ. ಅದನ್ನು ಮುಚ್ಚದೆ ಒಂದು ಹನಿ ನೀರೂ ಹಾಕಬೇಡಿ.

ತೋಟದಮನೆ, ಸೋಮವಾರ ಮಧ್ಯಾಹ್ನ 1:20

ಬಿಚ್ಚಿದೆ. ಒಂದು ಮತ್ತು ನಾಲ್ಕು ಒಣಗಿದ್ದವು. ಮೂರರಲ್ಲಿ ಬೆರಳಿನ ಎರಡು ಗೆಣ್ಣು ಆಳದಷ್ಟು ಕೆಂಪು ನೀರು. ಎರಡರಲ್ಲಿ ಸ್ವಲ್ಪ. ಸಿರಿಂಜ್‌ನಿಂದ ಹೀರಿ, ಬಟ್ಟೆಯಲ್ಲಿ ಒರೆಸಿ, ಅಮ್ಮನ ಹಳೇ ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಏರ್ ಫಿಲ್ಟರ್ ತೆಗೆದು ನೋಡಿದೆ, ಒಣಗಿದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಬಣ್ಣವೂ ಸರಿಯಾಗಿದೆ, ಮಜ್ಜಿಗೆಯ ಹಾಗೆ ಬೆಳ್ಳಗಾಗಿಲ್ಲ.

ಸ್ಟಾರ್ಟ್ ಮಾಡಿದಾಗ ಮುಕ್ಕಾಲು ಪಾಲು ಸರಿಯಾಯಿತು. ಆದರೆ ಇನ್ನೂ ಸಣ್ಣ ನಡುಕ ಇದೆ. ಪಕ್ಕದ ಮನೆಯ ಹುಡುಗನ ಹತ್ತಿರ ಗಾಡಿಯ ದೋಷದ ಕೋಡ್ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಇತ್ತು. ಪಿ0302 ಅಂತ ತೋರಿಸುತ್ತದೆ.

ವೈರ್‌ಮ್ಯಾನ್ (ಹುಬ್ಬಳ್ಳಿ), ಸೋಮವಾರ ಮಧ್ಯಾಹ್ನ 2:10

ಛಲೋ ಕೆಲಸ ಮಾಡಿದಿರಿ. ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್. ಈಗ ಹೊಸ ಕಾಯಿಲ್ ಕೊಳ್ಳಲು ಓಡಬೇಡಿ. ಎರಡನೆಯ ಕಾಯಿಲನ್ನು ನಾಲ್ಕಕ್ಕೆ ಹಾಕಿ, ನಾಲ್ಕರದ್ದನ್ನು ಎರಡಕ್ಕೆ. ಕೋಡ್ ಅಳಿಸಿ ಮತ್ತೆ ಸ್ಟಾರ್ಟ್ ಮಾಡಿ. ಪಿ0304 ಬಂದರೆ ಕಾಯಿಲ್ ಹಾಳಾಗಿದೆ. ಪಿ0302 ಹಾಗೇ ಇದ್ದರೆ ಕಾಯಿಲ್ ತಪ್ಪಿಲ್ಲ, ಆಗ ಪ್ಲಗ್ ಅದಲುಬದಲು ಮಾಡಿ. ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯ ಬಿರುಕು ಇರಬಹುದು, ಉಗುರು ಆಡಿಸಿ ನೋಡಿ. ವಾಪಸ್ ಹಾಕುವಾಗ ಮೊದಲ ನಾಲ್ಕೈದು ಸುತ್ತು ಕೈಯಲ್ಲೇ ತಿರುಗಲಿ. ಹೆಡ್ ಅಲ್ಯುಮಿನಿಯಂ, ಅಡ್ಡ ಹತ್ತಿದರೆ ಮರೆ (ಥ್ರೆಡ್) ಹಾಳಾಗುತ್ತದೆ. ಎರಡೂ ಬದಲಿಸಿ ಇನ್ನೂ ಎರಡರಲ್ಲೇ ಮಿಸ್ಸಿಂಗ್ ಇದ್ದರೆ ವೈರ್ ಮೇಲೆ ಕಣ್ಣು ಹಾಕಿ.

ಹಳೇಚಕ್ರ (ದಾವಣಗೆರೆ), ಸೋಮವಾರ ಸಂಜೆ 5:30

ನನಗೆ ಎಪ್ಪತ್ತೊಂದು ವಯಸ್ಸು. ನಮ್ಮ ಕಾಲದ ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಎಲ್ಲ ಪ್ಲಗ್ಗಿಗೂ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇತ್ತು. ಮಳೆಯಲ್ಲಿ ಗಾಡಿ ನಿಂತರೆ ಕ್ಯಾಪ್ ಬಿಚ್ಚಿ, ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕುತ್ತಿದ್ದೆವು. ಇವತ್ತಿನ ಕಾಯಿಲ್ ಕಥೆ ಓದಿದರೆ ಅದೇ ಅನಿಸುತ್ತದೆ. ಜಾಗ ಬದಲಾಗಿದೆ, ನೀರು ಮಾಡುವ ಕೆಲಸ ಅದೇ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು ಮಕ್ಕಳೇ. ಕೆಲವು ಕಡೆ ಈಗಲೂ ತೊಳೆದ ಮೇಲೆ ಹೊಳಪಿಗೆ ಅಂತ ಎಂಜಿನ್‌ಗೆ ಡೀಸೆಲ್ ಸ್ಪ್ರೇ ಹೊಡೆಯುತ್ತಾರೆ. ನೋಡಲು ಕಪ್ಪಗೆ ಮಿಂಚುತ್ತದೆ. ವಾರದಲ್ಲಿ ಇಮ್ಮಡಿ ಧೂಳು ಅಂಟುತ್ತದೆ. ಹೋಸ್, ಬೆಲ್ಟ್, ಸೀಲ್‌ಗಳ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್ ಹೊಗೆ ಹೊರಹೋಗುವ ಬಿಸಿ ಮ್ಯಾನಿಫೋಲ್ಡ್ ಪಕ್ಕದಲ್ಲಿ ಡೀಸೆಲ್ ಅಂದರೆ ಬೆಂಕಿಯ ಭಯವೂ ಇದೆ. ಪೆಟ್ರೋಲ್ ಹಾಕಿ ಜಿಡ್ಡು ಉಜ್ಜುವವರನ್ನೂ ಕಂಡಿದ್ದೇನೆ. ಎಂದಿಗೂ ಬೇಡ. ಕಾಸ್ಟಿಕ್ ಸೋಡಾ ಕೂಡ ಬೇಡ, ಅದು ಅಲ್ಯುಮಿನಿಯಂ ತಿನ್ನುತ್ತದೆ.

ಅಳತೆಗೋಲು (ಬೆಂಗಳೂರು), ಸೋಮವಾರ ಸಂಜೆ 6:05

ನಿಮ್ಮ ಮಾತು ನಿಜ ಸರ್. ಕಾದ ಮ್ಯಾನಿಫೋಲ್ಡ್‌ಗೆ ತಣ್ಣೀರು ಹಾಕುವುದೂ ಅಷ್ಟೇ ತಪ್ಪು. ಅಲ್ಲೇ ಪಕ್ಕದ ಆಕ್ಸಿಜನ್ ಸೆನ್ಸರ್ ಒಳಗೂ ಸೆರಾಮಿಕ್ ಇದೆ, ಕಾದಾಗ ನೀರು ಬಿದ್ದರೆ ಬಿರುಕು ಬಿಡುತ್ತದೆ.

ಬಕೆಟ್‌ನೀರು (ಬೆಂಗಳೂರು), ಸೋಮವಾರ ರಾತ್ರಿ 8:20

ನಾನು ತೊಳೆಯುವ ರೀತಿ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿತಲ್ಲ, ಆಗಿನಿಂದ ಪೈಪ್ ಹಿಡಿಯುವುದನ್ನೇ ಬಿಟ್ಟೆ. ಎಂಜಿನ್‌ಗೆ ಎರಡು ಲೀಟರ್ ನೀರು ಸಾಕು, ಅದೂ ಬಟ್ಟೆ ಒಗೆದು ಉಳಿದ ಕೊನೆಯ ತಿಳಿ ನೀರು.

ಗಾಡಿ ಓಡಿಸಿ ಬಂದು ಒಂದು ಗಂಟೆಯಾದರೂ ಬಿಡುತ್ತೇನೆ. ಕೈ ಇಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಕೀ ಜೇಬಿನಲ್ಲಿ. ಬಿಸಿ ಎಂಜಿನ್‌ನಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಬೆರಳು ಜೋಪಾನ. ಮೊದಲು ಒಣ ಬ್ರಷ್‌ನಲ್ಲಿ ಎಲೆ, ಧೂಳು ತೆಗೆಯುತ್ತೇನೆ. ಆಮೇಲೆ ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಗಾಳಿ ಎಳೆಯುವ ಬಾಯಿ, ಕಾಯಿಲ್ ಸಾಲು, ಬ್ಯಾಟರಿ ಪಕ್ಕದಲ್ಲಿ ಇಸಿಎಂ (ಎಂಜಿನ್ ಕಂಪ್ಯೂಟರ್) ಪೆಟ್ಟಿಗೆ ಇದ್ದರೆ ಅದು, ಇಷ್ಟಕ್ಕೂ ಪ್ಲಾಸ್ಟಿಕ್ ಕವರ್, ರಬ್ಬರ್ ಬ್ಯಾಂಡ್. ಎಷ್ಟು ಕವರ್ ಹಾಕಿದೆ ಅಂತ ಎಣಿಸಿ ಬರೆದಿಡುತ್ತೇನೆ. ಒಂದು ಮರೆತು ಸ್ಟಾರ್ಟ್ ಮಾಡಿದರೆ ಬೆಲ್ಟ್‌ಗೆ ಸುತ್ತಿಕೊಳ್ಳುತ್ತದೆ.

ಡಿಗ್ರೀಸರನ್ನು ಡಬ್ಬಿಯ ಮೇಲೆ ಹೇಳಿದಷ್ಟು ನೀರು ಬೆರೆಸಿ, ಗಿಡಕ್ಕೆ ಹೊಡೆಯುವ ಕೈ ಸ್ಪ್ರೇಯಲ್ಲಿ ಜಿಡ್ಡಿರುವ ಕಡೆ ಮಾತ್ರ ಹೊಡೆಯುತ್ತೇನೆ. ಐದು ನಿಮಿಷ ಬಿಟ್ಟು ಪೇಂಟ್ ಬ್ರಷ್, ಸಂದಿಗೆ ಹಳೇ ಟೂತ್ ಬ್ರಷ್. ಒಣಗಲು ಬಿಡಬಾರದು, ಕಲೆ ನಿಲ್ಲುತ್ತದೆ. ಆಮೇಲೆ ಇನ್ನೊಂದು ಸ್ಪ್ರೇಯಲ್ಲಿ ಬರಿ ನೀರು ಚಿಮುಕಿಸಿ ಬಟ್ಟೆಯಲ್ಲಿ ಒರೆಸುತ್ತಾ ಬರುತ್ತೇನೆ. ಕೆಳಗೆ ಹಳೇ ರಟ್ಟು ಹಾಸಿರುತ್ತೇನೆ, ಎಣ್ಣೆ ನೀರು ಚರಂಡಿಗೆ ಹೋಗಬಾರದು. ಕೊನೆಗೆ ಕವರ್ ಎಲ್ಲ ತೆಗೆದು, ಬಾನೆಟ್ ತೆರೆದು ಎರಡು ಗಂಟೆ ಬಿಸಿಲು. ಸಂಜೆ ತೊಳೆಯುವುದಿಲ್ಲ.

ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿ ಇರುವವರು ಇದನ್ನು ಮಾಡಬೇಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್. ಒಣ ಬಟ್ಟೆಯ ಆಚೆ ಹೋಗಬೇಡಿ.

ತೋಟದಮನೆ, ಮಂಗಳವಾರ ಬೆಳಿಗ್ಗೆ 11:45

ಕಾಯಿಲ್ ಬದಲಿಸಿದೆ, ಪಿ0302 ಹಾಗೇ ಇತ್ತು. ಪ್ಲಗ್ ಬದಲಿಸಿದೆ, ಆಗಲೂ ಅದೇ. ಕೊನೆಗೆ ಟಾರ್ಚ್ ಹಿಡಿದು ಎರಡನೇ ಕಾಯಿಲ್‌ನ ವೈರನ್ನು ಹಿಂದಕ್ಕೆ ನೋಡುತ್ತಾ ಹೋದೆ. ಹೆಡ್ ಕವರ್ ಹಿಂದೆ, ಕಣ್ಣಿಗೆ ಬೀಳದ ಕಡೆ, ಇಲಿ ವೈರ್ ಕಡಿದಿದೆ! ಪ್ಲಾಸ್ಟಿಕ್ ಪೂರ್ತಿ ಹೋಗಿ ತಾಮ್ರ ಹಸಿರಾಗಿದೆ. ಮೂರು ನಾಲ್ಕು ಎಳೆ ಮಾತ್ರ ಉಳಿದಿತ್ತು. ಪಕ್ಕದಲ್ಲೇ ಸಿಪ್ಪೆಗೋಟಿನ (ಸಿಪ್ಪೆ ಸುಲಿಯದ ಒಣ ಅಡಿಕೆ) ಚೂರುಗಳು. ಇಷ್ಟು ದಿನ ಕೆಸರು ಮುಚ್ಚಿತ್ತು, ನೀರು ಬಿದ್ದು ಅದು ಹೊರಗೆ ಬಂತು.

ವೈರ್‌ಮ್ಯಾನ್ (ಹುಬ್ಬಳ್ಳಿ), ಮಂಗಳವಾರ ಮಧ್ಯಾಹ್ನ 12:05

ಸಿಕ್ಕಿತಲ್ಲ! ಘಾಟಿಯಲ್ಲಿ ಪೂರ್ತಿ ಕಡಿದು ಹೋಗುವ ಬದಲು ಮನೆಯಂಗಳದಲ್ಲೇ ಗೊತ್ತಾಯಿತು. ಹಸಿರು ಬಂದಷ್ಟು ತಾಮ್ರ ಕತ್ತರಿಸಿ ತೆಗೆಯಿರಿ. ಅದೇ ದಪ್ಪದ ವೈರ್ ತುಂಡು ಸೇರಿಸಿ ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್. ಬರಿ ಟೇಪ್ ಸುತ್ತಿ ಬಿಡಬೇಡಿ, ಎಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಕಾಯಿಲ್ ರಬ್ಬರ್ ಬಾಯಿಗೆ ಒಳಗಡೆ ಸ್ವಲ್ಪ ಡೈಎಲೆಕ್ಟ್ರಿಕ್ ಸಿಲಿಕಾನ್ ಗ್ರೀಸ್ ಸವರಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಕೆಡುತ್ತದೆ.

ಇನ್ನೊಂದು ನೋಡಿ. ಮೂರನೇ ಕೊಳವೆಯಲ್ಲಿ ಇದ್ದ ಅಷ್ಟು ನೀರು ಭಾನುವಾರ ತೊಳೆದದ್ದೊಂದೇ ಇರಲಿಕ್ಕಿಲ್ಲ. ವೈಪರ್ ಕೆಳಗಿನ ತೊಟ್ಟಿಯಲ್ಲಿ ಎಲೆ ತುಂಬಿದರೆ ಮಳೆನೀರು ಎಂಜಿನ್ ಮೇಲೇ ಸುರಿಯುತ್ತದೆ. ಅದರ ಎರಡೂ ಬದಿಯ ತೂತು ಬಿಡಿಸಿ.

ತೋಟದಮನೆ, ಮಂಗಳವಾರ ಸಂಜೆ 6:30

ತೊಟ್ಟಿಯಲ್ಲಿ ಒಂದು ಬುಟ್ಟಿ ಹಲಸಿನ ಎಲೆ ಇತ್ತು ಅಣ್ಣ. ತೆಗೆದೆ. ಪೇಟೆಯ ಎಲೆಕ್ಟ್ರಿಷಿಯನ್ ಬೈಕಿನಲ್ಲಿ ಮನೆಗೇ ಬಂದು ವೈರ್ ಬೆಸೆದುಕೊಟ್ಟ. ಈಗ ಎಂಜಿನ್ ಮೇಲೆ ನೀರು ತುಂಬಿದ ಲೋಟ ಇಟ್ಟರೂ ತುಳುಕುವುದಿಲ್ಲ. ಲೈಟ್ ಇಲ್ಲ. ಆಯಿಲ್ ಲೀಕ್ ಕೂಡ ಸಿಕ್ಕಿತು, ಹೆಡ್ ಕವರ್ ಗ್ಯಾಸ್ಕೆಟ್ ಮೂಲೆಯಲ್ಲಿ. ಮುಂದಿನ ವಾರ ಬದಲಿಸುತ್ತೇನೆ.

ಚಾಮುಂಡಿಪುರಂ (ಮೈಸೂರು), ಮಂಗಳವಾರ ರಾತ್ರಿ 8:10

ನನ್ನದೂ ಆಲ್ಟರ್ನೇಟರ್ ಬೇರಿಂಗ್‌ ಅಂತಲೇ ಗೊತ್ತಾಯಿತು. ನಾಳೆ ಬದಲಿಸುತ್ತಾರೆ. ತೋಟದಮನೆಯವರೇ, ಇಲಿಗೆ ಏನು ಮಾಡಿದಿರಿ?

ತೋಟದಮನೆ, ಬುಧವಾರ ರಾತ್ರಿ 9:15

ಮಣಿಪಾಲಕ್ಕೆ ಹೋಗಿ ಬಂದೆವು ಅಕ್ಕ. ಆಗುಂಬೆಯ ಹದಿನಾಲ್ಕು ತಿರುವನ್ನೂ ಎರಡನೇ ಗೇರ್‌ನಲ್ಲಿ ಹತ್ತಿದೆ, ಒಂದು ಸಲವೂ ಮಿಸ್ ಆಗಲಿಲ್ಲ. ಇಲಿಗೆ ಸದ್ಯಕ್ಕೆ ಗಾಡಿಯನ್ನು ಅಡಿಕೆ ಕೊಟ್ಟಿಗೆಯಿಂದ ಹೊರಗೆ, ಅಂಗಳದ ದೀಪದ ಕೆಳಗೆ ನಿಲ್ಲಿಸುತ್ತಿದ್ದೇನೆ. ರಾತ್ರಿ ಬಾನೆಟ್ ತೆರೆದೇ ಇಡುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಒಮ್ಮೆ ಇಣುಕಿ ನೋಡುತ್ತೇನೆ.